ಎರಡು ಸೈಕಲ್, ಮೂರು ಟ್ರಂಕು, ಒಂದು ಬ್ಲಾಕು

ಕೆಸರಲ್ಲಿ ಹೂತುಹೋದ ಗಾಡಿಯನ್ನು ಮೇಲೆತ್ತಬೇಕು ಎಂದರೆ ನಮ್ಮ ಚನ್ನಗಿರಿ ಸೀಮೆಯ ಜನ ಕೆರೆಬಿಳಚಿಯ ನಿಂಗಣ್ಣನಿಗೆ ಫೋನ್ ಮಾಡುತ್ತಾರೆ. ಆ ನಿಂಗಣ್ಣ ನಾನೇ. ಕಾಗದದ ಮೇಲೆ ನಿಂಗರಾಜ್. ಕಾಗದದ ಸಹವಾಸ ನನಗೆ ಕಡಿಮೆ. ಮೂರನೇ ಕ್ಲಾಸಿಗೆ ಶಾಲೆ ನನ್ನನ್ನು ಬಿಟ್ಟಿತೋ ನಾನು ಶಾಲೆಯನ್ನು ಬಿಟ್ಟೆನೋ, ಇಬ್ಬರಿಗೂ ನೆನಪಿಲ್ಲ.

ನನ್ನ ಜೀಪು ಹಳೆಯದು. ಆದರೆ ನಾಲ್ಕು ಚಕ್ರಕ್ಕೂ ಎಳೆತ ಇದೆ. ಹೋದ ಮಳೆಗಾಲದಲ್ಲಿ ಸೂಳೆಕೆರೆ ಅಂಚಿನ ಗದ್ದೆಯಲ್ಲಿ ಒಂದು ರೋಡ್ ರೋಲರ್ ಹೂತಿತ್ತು. ಎರಡು ಟ್ರಾಕ್ಟರ್ ಎಳೆದು ಸೋತವು. ನಾನು ಸರಪಳಿ ಕಟ್ಟಿ ಒಂದೇ ಸಲ ಎಳೆದೆ ನೋಡಿ, ರೋಲರ್ ಬಂತು, ರೋಲರಿಗೆ ಅಂಟಿಕೊಂಡು ಕಾಲು ಎಕರೆ ಗದ್ದೆಯೂ ಬಂತು. ಆ ಗದ್ದೆ ಈಗ ರಸ್ತೆಯ ಈಚೆಗಿದೆ. ಅದರ ಯಜಮಾನ ಇಲ್ಲೇ ನಾಟಿ ಮಾಡಿಕೊಂಡಿದ್ದಾನೆ. ನಂಬದಿದ್ದರೆ ನನ್ನ ಭಾಮೈದ ಭೀಮೇಶನನ್ನು ಕೇಳಿ. ಅವನು ಅವತ್ತು ಊರಲ್ಲಿ ಇರಲಿಲ್ಲ, ಆದರೂ ನನಗಿಂತ ಚೆನ್ನಾಗಿ ಹೇಳುತ್ತಾನೆ.

ಇಷ್ಟೆಲ್ಲ ಮಾಡಿದ ಜೀಪು ಹೂಕುಂಡ ಆಗುವುದರಲ್ಲಿತ್ತು.

ಬಸವಾಪಟ್ಟಣದಲ್ಲಿ ದೋಸೆ ಹೋಟೆಲ್ ಇಟ್ಟಿರುವ ನಾಗೇಂದ್ರಪ್ಪನಿಗೆ ನನ್ನ ಜೀಪಿನ ಮೇಲೆ ಬಹಳ ದಿನದಿಂದ ಕಣ್ಣು. ಓಡಿಸುವುದಕ್ಕಲ್ಲ. ಹೋಟೆಲ್ ಮುಂದೆ ನಿಲ್ಲಿಸಿ, ಬಾನೆಟ್ ತೆಗೆದು, ಇಂಜಿನ್ ಇದ್ದ ಜಾಗಕ್ಕೆ ಮಣ್ಣು ತುಂಬಿಸಿ ಗುಲಾಬಿ ಗಿಡ ನೆಡುವುದಕ್ಕೆ. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಂತೆ. ನನ್ನ ಹೆಂಡತಿ ಕರಿಬಸಮ್ಮ ಅವನಿಗೆ ಮಾತು ಕೊಟ್ಟುಬಿಟ್ಟಿದ್ದಳು.

"ಅಂಗಳದಾಗೆ ನಿಂತು ಎಣ್ಣೆ ಸೋರ್ಸಾದು ಬಿಟ್ರೆ ಇದಕ್ಕೇನು ಕೆಲ್ಸ ಐತ್ರೀ?" ಎಂದಳು. "ಬುಧವಾರದೊಳಗೆ ಕಾಯಂ ಕೆಲ್ಸ ಸಿಕ್ರೆ ಸರಿ. ಇಲ್ಲಾಂದ್ರೆ ನಾಗೇಂದ್ರಪ್ಪಣ್ಣ ಬಂದು ತಗಂಡು ಹೋಗ್ತಾನೆ. ಗುಲಾಬಿನಾದ್ರೂ ಬಿಡ್ಲಿ."

ಆಗ ಬಂದದ್ದು ಜಗಳೂರಿನ ಕೆಲಸ. ಅಲ್ಲಿ ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿಫ್ಯಾನ್ ನಿಲ್ಲಿಸುವ ಒಂದು ಕಂಪನಿಗೆ ಇಂಜಿನಿಯರುಗಳನ್ನು ಮೇಲೆ ಹತ್ತಿಸಿ ಇಳಿಸಲು ಜೀಪು ಬೇಕಿತ್ತು. ವರ್ಷಪೂರ್ತಿ ಕೆಲಸ. ಷರತ್ತು ಒಂದೇ: ಗಾಡಿ ಹೂತರೆ ಎಳೆದು ತೆಗೆಯುವ ಸಾಮಾನು ಗಾಡಿಯಲ್ಲೇ ಇರಬೇಕು. ಅದನ್ನು ಚೈತ್ರಶ್ರೀ ಮೇಡಂ ಎನ್ನುವ ಇಂಜಿನಿಯರ್ ಕಣ್ಣಾರೆ ನೋಡಿ ಒಪ್ಪಬೇಕು. ಮಂಗಳವಾರ ಬನ್ನಿ ಎಂದಿದ್ದರು.

ಸಾಮಾನಿನ ಪಟ್ಟಿ ಹೇಳಲು ಮೇಡಂ ಫೋನ್ ಮಾಡಿದಾಗ ನಾನು ಜೀಪಿನ ಕೆಳಗೆ ಮಲಗಿದ್ದೆ. ಕೈತುಂಬ ಗ್ರೀಸು. ಭೀಮೇಶ ಫೋನ್ ತೆಗೆದುಕೊಂಡ. ಅವನು ಪಿಯುಸಿಯನ್ನು ಮೂರು ಸಲ ಬರೆದವನು, ಆದ್ದರಿಂದ ಒಂದು ಸಲ ಬರೆದವರಿಗಿಂತ ಹೆಚ್ಚು ಓದಿದವನು ಎಂದು ನಮ್ಮ ಮನೆಯ ಲೆಕ್ಕ. ಮೇಡಂ ಗುಡ್ಡದ ಮೇಲಿಂದ ಮಾತಾಡುತ್ತಿದ್ದರು. ಫೋನಿನಲ್ಲಿ ಬರೇ ಗಾಳಿ ಬೀಸುವುದು ನನಗೂ ಕೇಳುತ್ತಿತ್ತು. ಭೀಮೇಶ ಒಂದೊಂದನ್ನೂ ಜೋರಾಗಿ ಹೇಳಿ ಹೇಳಿ ಬರೆದುಕೊಂಡ.

"ಹಗ್ಗ, ಉದ್ದದ್ದು. ಆತು ಮೇಡಂ. ಸಲಿಕೆ ಒಂದು. ಆತು. ಸೈಕಲ್ ಎರಡು... ಎರಡಾ ಮೇಡಂ? ಹೂಂ, ಭಾರ ತಡೀತಾವೆ, ಹಳೇ ಕಾಲದ ಸೈಕಲ್ಲು ಗಟ್ಟಿ ಇರ್ತಾವೆ. ಬ್ಲಾಕ್ ಒಂದು. ಆತು. ತ್ರೀ ಟ್ರಂಕ್... ಅಗಲ ಇರ್ಬೇಕಾ? ಐತೆ ಮೇಡಂ, ನಮ್ಮಕ್ಕಂದು ಮದ್ವೆ ಟ್ರಂಕು ಭಾರೀ ಅಗಲ!"

ನಾನು ಜೀಪಿನ ಕೆಳಗಿಂದ ತಲೆ ಹೊರಗೆ ಹಾಕಿದೆ. "ಲೇ, ಸೈಕಲ್ ಯಾಕಲೇ? ಟ್ರಂಕ್ ಯಾಕೆ?"

ಭೀಮೇಶ ನನ್ನನ್ನು ನೋಡಿದ ರೀತಿಯಲ್ಲೇ ನಾನು ದಡ್ಡ ಎನ್ನುವುದು ನನಗೆ ಗೊತ್ತಾಯಿತು. "ಮಾವ, ಗಾಡಿ ಹೂತ್ರೆ ಟ್ರಾಕ್ಟರ್ ಕರೆಯಾಕೆ ಹೋಗಬೇಕಲ್ಲ, ಅದಕ್ಕೆ ಸೈಕಲ್. ಸಾಮಾನು ಇಡಾಕೆ ಟ್ರಂಕು. ಚಕ್ರಕ್ಕೆ ಅಡ್ಡ ಇಡಾಕೆ ಸಿಮೆಂಟ್ ಬ್ಲಾಕು. ಕಂಪ್ನಿಯೋರು ಯೋಚ್ನೆ ಮಾಡೇ ಹೇಳಿರ್ತಾರೆ."

ಹಾಗೆ ಬಿಡಿಸಿ ಹೇಳಿದ ಮೇಲೆ ನನಗೂ ಸರಿ ಎನ್ನಿಸಿತು. ಅಲ್ಲೇ ನಾನು ಕೆಟ್ಟೆ.

ಒಂದು ಸೈಕಲ್ ಭೀಮೇಶನದು. ಇನ್ನೊಂದು ಪಕ್ಕದ ಮನೆಯ ಲಕ್ಷ್ಮಕ್ಕನ ಮಗಳದು, ಗುಲಾಬಿ ಬಣ್ಣ, ಮುಂದೆ ಬುಟ್ಟಿ, ಟಿಣ್ ಟಿಣ್ ಗಂಟೆ. ಎರಡು ಟ್ರಂಕು ಬಸವಾಪಟ್ಟಣದಿಂದ ತಂದೆ. ಮೂರನೆಯದು ಕರಿಬಸಮ್ಮನ ಮದುವೆಯ ಟ್ರಂಕು. ಅದರಲ್ಲಿ ಅವಳ ತಾಯಿ ಹೊಲಿದ ಕೌದಿ ಇತ್ತು. ತೆಗೆದಿಡು ಎಂದರೆ ತೆಗೆಯಲಿಲ್ಲ.

"ತೆಗದ್ರೆ ಇಲಿ ಕಡೀತಾವೆ. ಟ್ರಂಕಿನಾಗೇ ಹೋಗಿ ಟ್ರಂಕಿನಾಗೇ ಬರ್ಲಿ. ಒಂದು ಹೊಲಿಗೆ ಬಿಟ್ಟಿದ್ರೂ ನಾನು ಸುಮ್ಕಿರಲ್ಲ."

ಇಷ್ಟೂ ಏರಿಸುವಷ್ಟರಲ್ಲಿ ಜೀಪಿನಲ್ಲಿ ಜಾಗ ಇಲ್ಲ. ಜೀಪಿನ ಹಿಂದೆ ಹತ್ತು ವರ್ಷದಿಂದ ನೇತಾಡುತ್ತಿದ್ದ ನನ್ನ ಎರಡು ಕಬ್ಬಿಣದ ಕೊಂಡಿ, ಒಂದು ರಾಟೆ, ಒಂದು ಸರಪಳಿ ಸೈಕಲ್ಲಿಗೆ ಅಡ್ಡ ಬರುತ್ತಿದ್ದವು. ಅವನ್ನು ಬಿಚ್ಚಿ ಕೊಟ್ಟಿಗೆಯ ಮೊಳೆಗೆ ನೇತುಹಾಕಿದೆ.

"ಇವು ಬ್ಯಾಡ್ವಾ?" ಎಂದಳು ಕರಿಬಸಮ್ಮ.

"ಪಟ್ಟಿಯಾಗೆ ಇಲ್ಲ."

"ಇಷ್ಟು ದಿನ ಎಲ್ಲಾ ಗಾಡಿ ಎಳೆದಿದ್ದು ಇವ್ರಾಗೇ ಅಲ್ಲೇನ್ರೀ?"

"ಪಟ್ಟಿಯಾಗೆ ಇಲ್ಲ ಅಂದ್ನಲ್ಲ!"

ಮಂಗಳವಾರ ಬೆಳಿಗ್ಗೆ ಹೊರಟೆವು. ಉದ್ದದ ಹಗ್ಗಕ್ಕೆ ಮೊದಲು ನ್ಯಾಮತಿ ತಾಲ್ಲೂಕಿನ ಗೋವಿನಕೋವಿಗೆ ಹೋಗಬೇಕಾಯಿತು. ಅಲ್ಲಿ ಹೊಳೆ ಇದೆ, ತೆಪ್ಪದ ಹಗ್ಗ ಸಿಗುತ್ತದೆ. ನನಗೆ ಕೊಟ್ಟ ಹಗ್ಗ ಎಷ್ಟು ಉದ್ದ ಎಂದರೆ, ಒಂದು ತುದಿಯನ್ನು ಜೀಪಿಗೆ ಹಾಕಿಕೊಂಡು ಹೊರಟವನು ಹೊನ್ನಾಳಿಗೆ ಬಂದು ನೋಡಿದರೆ ಇನ್ನೊಂದು ತುದಿ ಇನ್ನೂ ಗೋವಿನಕೋವಿಯಲ್ಲೇ ಇತ್ತು. ಹೊನ್ನಾಳಿಯಲ್ಲಿ ನಿಂತು ಸುತ್ತಿಕೊಂಡೆವು.

ನಿಂತದ್ದೇ ತಪ್ಪಾಯಿತು. ಟೀ ಅಂಗಡಿಯ ಜಯಪ್ಪ ಓಡಿ ಬಂದ.

"ಏನ್ ನಿಂಗಣ್ಣ, ಮಗಳ ಮದ್ವೆ ಮಾಡಿದ್ಯಂತೆ, ಒಂದು ಮಾತು ಹೇಳ್ಲಿಲ್ಲ!"

"ನನಗೆ ಮಗಳೇ ಇಲ್ಲ ಮಾರಾಯ."

"ಹಂಗಾರೆ ಮನೆಯಾಕೆ ಸಾಮಾನು ಸಮೇತ ಹೊರಗೆ ಹಾಕಿದ್ಳಾ? ಗುಲಾಬಿ ಸೈಕಲ್ ಯಾಕೆ ಕೊಟ್ಟು ಕಳಿಸಿದ್ಳು?"

"ಕಂಪ್ನಿ ಕೆಲ್ಸ ಕಣೋ ಇದು. ಕಂಪ್ನಿ!"

"ಸರ್ಕಸ್ ಕಂಪ್ನಿನಾ?"

ಟೀ ಕುಡಿಯದೆ ಜೀಪು ಬಿಟ್ಟೆ. ದಾವಣಗೆರೆ ದಾಟಿ ಜಗಳೂರು ಮುಟ್ಟಿದಾಗ ಒಬ್ಬ ಅಜ್ಜಿ ಕೈ ಅಡ್ಡ ಹಾಕಿ ನಿಲ್ಲಿಸಿದಳು. ಕೂದಲಿಗೆ ಪಾತ್ರೆ ಕೊಡುವವರು ಎಂದುಕೊಂಡಿದ್ದಳು. ಮುಷ್ಟಿಯಲ್ಲಿ ಸಣ್ಣದೊಂದು ಬಿಳಿ ಕೂದಲಿನ ಉಂಡೆ.

"ಇದಕ್ಕೆ ಏನು ಕೊಡ್ತೀಯಪ್ಪ? ಆ ಸಣ್ಣ ಟ್ರಂಕು ಕೊಡ್ತೀಯಾ?"

"ಅಜ್ಜಿ, ನಾವು ಅವ್ರಲ್ಲ."

"ಬಿಳೀದು ಅಂತ ಹಂಗಂತೀಯಾ?" ಎಂದು ಮುನಿಸಿಕೊಂಡಳು. ಭೀಮೇಶ ಅವಳಿಗೆ ಸಮಾಧಾನ ಹೇಳುತ್ತಾ ಕೂತ. ನಾನು ಅವನ ಅಂಗಿ ಹಿಡಿದು ಒಳಗೆ ಎಳೆದುಕೊಂಡೆ.

ಕಂಪನಿಯ ಆಫೀಸು ಗುಡ್ಡದ ಬುಡದಲ್ಲಿತ್ತು. ಬಾಗಿಲಲ್ಲಿ ವಾಚ್‌ಮನ್ ಕೆಂಚೇಶ್ ಒಬ್ಬನೇ. ಮೇಡಂ ಮೇಲೆ ಹೋಗಿದ್ದಾರೆ, ನೀವೂ ಅಲ್ಲಿಗೇ ಹೋಗಬೇಕಂತೆ ಎಂದ. ಹಿಂದಿನ ದಿನ ಮಳೆ ಬಿದ್ದಿತ್ತು. ದಾರಿ ಕೆಸರು. ಜೀಪು ಆನೆಯ ಹಾಗೆ ಹತ್ತಿತು. ಮೂರು ಕಿಲೋಮೀಟರ್ ಹತ್ತಿ ಒಂದು ತಿರುವಿಗೆ ಬಂದರೆ, ದಾರಿಗೆ ಅಡ್ಡಲಾಗಿ ಕಂಪನಿಯ ಹೊಸ ಬಿಳಿ ಕಾರು. ಅದೂ ನಾಲ್ಕು ಚಕ್ರ ಎಳೆಯುವ ದೊಡ್ಡ ಕಾರೇ. ಹಿಂದಿನ ಚಕ್ರ ಎರಡೂ ಕೆಸರಲ್ಲಿ ಹೂತು, ಹಿಂಭಾಗ ಕೊರಕಲಿನ ಕಡೆ ವಾಲಿತ್ತು. ಡ್ರೈವರ್ ಪ್ರವೀಣ್ ಕುಮಾರ್ ಒಳಗೆ ಬ್ರೇಕ್ ಒತ್ತಿ ಹಿಡಿದು ಕೂತಿದ್ದ. ಕಾರಿಗಿಂತ ಅವನ ಮುಖ ಬಿಳಿ. ದಾರಿ ಪಕ್ಕದಲ್ಲಿ ತಲೆಗೆ ಹೆಲ್ಮೆಟ್, ಬೂಟಿನ ತುಂಬ ಕೆಸರು, ಚೈತ್ರಶ್ರೀ ಮೇಡಂ.

ನಮ್ಮನ್ನು ನೋಡಿ ಅವರ ಮುಖ ಅರಳಿತು. ಜೀಪಿನ ಹಿಂದೆ ನೋಡಿ ಮುದುಡಿತು.

"ಇದೇನ್ರಿ ನಿಂಗರಾಜ್?"

"ನೀವು ಹೇಳಿದ ಸಾಮಾನೇ ಮೇಡಂ. ಸೈಕಲ್ ಎರಡು, ಟ್ರಂಕು ಮೂರು, ಬ್ಲಾಕು ಒಂದು."

"ಸೈಕಲ್ಲಾ? ನಾನು ಹೇಳಿದ್ದು ಶ್ಯಾಕಲ್!"

"ಅದೇ ಮೇಡಂ, ಸೈಕಲ್," ಎಂದ ಭೀಮೇಶ.

"ಅದೇ ಅಲ್ಲ! ಶ್ಯಾ... ಶ್ಯಾಕಲ್. ಬಗ್ಗಿಸಿದ ಕಬ್ಬಿಣ ಇರುತ್ತೆ, ಬಾಯಿಗೆ ಒಂದು ಪಿನ್ ಹಾಕಿ ತಿರುಗಿಸೋದು. ಹಗ್ಗವನ್ನ ಗಾಡಿಗೆ ಸೇರಿಸೋಕೆ."

ನಾನು ಬೆರಳು ಬಗ್ಗಿಸಿ ತೋರಿಸಿದೆ. "ಕೊಂಡಿನಾ ಮೇಡಂ?"

"ನೀವು ಏನಂತೀರೋ ನನಗೆ ಗೊತ್ತಿಲ್ಲ. ಬ್ಲಾಕ್ ಅಂದ್ರೆ ಸಿಮೆಂಟ್ ಬ್ಲಾಕ್ ಅಲ್ಲ, ಹಗ್ಗ ಓಡೋ ಚಕ್ರ."

"ರಾಟೆ!"

"ಟ್ರೀ ಟ್ರಂಕ್ ಅಂದ್ರೆ ಮರದ ಕಾಂಡ. ಕಾಂಡವನ್ನ ಹಗ್ಗ ಕೊರೀಬಾರದು ಅಂತ ಸುತ್ತೋ ಅಗಲದ ಪಟ್ಟಿ ಕೇಳಿದ್ದೆ. ಮೂರು ಟ್ರಂಕ್ ಅಂತ ಯಾವನ್ರೀ ಬರ್ಕೊಂಡಿದ್ದು?"

ಭೀಮೇಶ ಆಕಾಶ ನೋಡಿದ.

ನನಗೆ ಅಳಬೇಕೋ ಕೂಗಬೇಕೋ ಗೊತ್ತಾಗಲಿಲ್ಲ. ಹತ್ತು ವರ್ಷ ಹಗಲೂ ರಾತ್ರಿ ಜೀಪಿಗೆ ನೇತಾಡಿದ ಕೊಂಡಿ. ನಿನ್ನೆ ನನ್ನ ಕೈಯಾರೆ ಬಿಚ್ಚಿ ಮೊಳೆಗೆ ಹಾಕಿದ ಕೊಂಡಿ. "ಅಲ್ಲಾ ಮೇಡಂ," ಎಂದೆ, "ಕೊಂಡಿ ಅಂತ ಒಂದು ಮಾತು ಅಂದಿದ್ರೆ ಆಗ್ತಿರ್ಲಿಲ್ವಾ? ರಾಟೆ ಅಂದಿದ್ರೆ ಬಾಯಿ ನೋಯ್ತಿತ್ತಾ? ಇರೋದನ್ನ ಇಳಿಸಿ ಟ್ರಂಕು ಹೇರ್ಕಂಡು ನಾಕು ತಾಲ್ಲೂಕು ಮೆರವಣಿಗೆ ಬಂದೀನಿ!"

"ನನ್ನ ಮೇಲೆ ರೇಗಬೇಡಿ. ನೀವು ಒಂದು ಸಲ ವಾಪಸ್ ಕೇಳಬಹುದಿತ್ತು."

"ಮೇಡಂ," ಎಂದು ಕಾರಿನೊಳಗಿಂದ ಪ್ರವೀಣ್ ಕುಮಾರ್ ಸಣ್ಣ ದನಿ ತೆಗೆದ, "ಜಗಳ ಆಮೇಲೆ ಆಡ್ರಿ. ಗಾಡಿ ಜಾರ್ತಾ ಐತೆ."

ಹೌದು, ಕಾರು ಒಂದು ಗೇಣು ಹಿಂದೆ ಸರಿದಿತ್ತು. ಮಾತು ಬಿಟ್ಟು ಓಡಿದೆವು. ಭೀಮೇಶ ಸಿಮೆಂಟ್ ಬ್ಲಾಕನ್ನು ಹಿಂದಿನ ಚಕ್ರಕ್ಕೆ ಎಸೆದ. ಅದು ಒಡೆದು ಎರಡಾಯಿತು. ಒಳ್ಳೆಯದೇ ಆಯಿತು, ಎರಡು ಚಕ್ರಕ್ಕೆ ಎರಡು ಸಿಕ್ಕಿತು. ಜೀಪು ಕಾರನ್ನು ದಾಟಿ ಮುಂದೆ ಹೋಗುವಂತಿರಲಿಲ್ಲ. ಆದ್ದರಿಂದ ಗೋವಿನಕೋವಿ ಹಗ್ಗವನ್ನು ಕಾರಿನ ಮುಂದಿನ ಕೊಕ್ಕೆಗೆ ಗಂಟು ಹಾಕಿ, ಮೇಲಿದ್ದ ಒಂದು ಕಮರದ ಮರ ಬಳಸಿ, ಮತ್ತೆ ಕೆಳಗೆ ತಂದು ಜೀಪಿಗೆ ಬಿಗಿದೆ. ಕಾರು ನಿಂತಿತು.

ನಿಂತಿತು, ಅಷ್ಟೇ. ಎಳೆಯುವಂತಿರಲಿಲ್ಲ. ಎಳೆದರೆ ಕೊಕ್ಕೆಯ ಹರಿತಕ್ಕೆ ಹಗ್ಗ ಕುಯ್ದುಹೋಗುತ್ತದೆ. ನಡುವೆ ಕೊಂಡಿ ಬೇಕು. ಜೀಪು ಅಲ್ಲಿಂದ ಕದಲುವಂತೆಯೂ ಇರಲಿಲ್ಲ. ಕದಲಿದರೆ ಕಾರು ಕೊರಕಲಿಗೆ.

"ನಿಮ್ಮ ಕಾರಿನ ಕೊಂಡಿ ಎಲ್ಲಿ ಮೇಡಂ?"

ಈ ಸಲ ಆಕಾಶ ನೋಡಿದ್ದು ಮೇಡಂ. "ಆಫೀಸಲ್ಲಿ. ಕಪಾಟಿನಲ್ಲಿ. ಕಳೆದುಹೋಗುತ್ತೆ ಅಂತ ಬೀಗ ಹಾಕಿಟ್ಟಿದ್ದೀವಿ."

"ಗುಡ್ಡ ಹತ್ತೋದು ಕಾರಾ, ಕಪಾಟಾ?"

ಮೇಡಂ ಕೊರಳಿಗೆ ಹಾಕಿದ್ದ ದಾರ ಎಳೆದು ತೋರಿಸಿದರು. ತುದಿಯಲ್ಲಿ ಬೀಗದ ಕೈ. ಅದನ್ನು ಯಾರ ಕೈಗೂ ಕೊಡುವಂತಿಲ್ಲವಂತೆ, ಕಂಪನಿ ನಿಯಮ. ಮೂರು ಕಿಲೋಮೀಟರ್ ಕೆಸರಿನಲ್ಲಿ ನಡೆದು ಹೋಗಿ, ಆ ಭಾರ ಹೊತ್ತು ಬರುವಷ್ಟರಲ್ಲಿ ಹಗ್ಗ ತಡೆಯುತ್ತದೆಯೋ ಇಲ್ಲವೋ. ಪ್ರವೀಣ್ ಕುಮಾರನ ಕಾಲು ಆಗಲೇ ನಡುಗುತ್ತಿತ್ತು.

ಆಗ ಹಿಂದಿನಿಂದ ಟಿಣ್ ಟಿಣ್ ಎಂದು ಗಂಟೆಯ ಸದ್ದು. ಭೀಮೇಶ ಎರಡು ಸೈಕಲ್ಲನ್ನೂ ಇಳಿಸಿ ನಿಲ್ಲಿಸಿದ್ದ. "ನಾನು ಅವತ್ತೇ ಹೇಳಿದ್ನಲ್ಲ ಮಾವ, ಸೈಕಲ್ ಯಾಕೆ ಬೇಕು ಅಂತ."

ಆ ಹೊತ್ತಿನಲ್ಲಿ ಅವನನ್ನು ಹೊಡೆಯಬೇಕೋ ಮುದ್ದಿಡಬೇಕೋ ನೀವೇ ಹೇಳಿ.

ಮೇಡಂ ಗುಲಾಬಿ ಸೈಕಲ್ ನೋಡಿದರು, ಕಾರು ನೋಡಿದರು, ಹೆಲ್ಮೆಟ್ ಬಿಗಿ ಮಾಡಿಕೊಂಡು ಹತ್ತಿಯೇಬಿಟ್ಟರು. ಭೀಮೇಶ ತನ್ನ ಸೈಕಲ್ ಹತ್ತಿ ಹಿಂದೆಯೇ ಹೊರಟ. ಇಳಿಜಾರಿನಲ್ಲಿ ಅವರು ಹೋದ ವೇಗಕ್ಕೆ ಬುಟ್ಟಿ ಮುಂದೆ ಹೋಗಿ ಸೈಕಲ್ ಹಿಂದೆ ಉಳಿಯಿತು. ಕೆಳಗಿನ ತಿರುವಿನಲ್ಲಿ ಬುಟ್ಟಿಯನ್ನು ಹಿಡಿದರು ಎಂದು ಆಮೇಲೆ ಭೀಮೇಶ ಹೇಳಿದ.

ನಾನು ಜೀಪಿನ ಬ್ರೇಕ್ ಒತ್ತಿ ಕೂತೆ. ಪ್ರವೀಣ್ ಕುಮಾರ್ ಕಾರಿನ ಬ್ರೇಕ್ ಒತ್ತಿ ಕೂತಿದ್ದ. ನಡುವೆ ಹಗ್ಗ ಕಿರ್ ಕಿರ್ ಅನ್ನುತ್ತಿತ್ತು. ಪ್ರತಿ ಕಿರ್ರಿಗೂ ಕಣ್ಣ ಮುಂದೆ ನನ್ನ ಬಾನೆಟ್ಟಿನಲ್ಲಿ ಒಂದೊಂದು ಗುಲಾಬಿ ಅರಳುತ್ತಿತ್ತು.

ಒಂದೂವರೆ ಗಂಟೆ ಕಳೆದ ಮೇಲೆ ಬಂದರು. ಭೀಮೇಶನ ಕ್ಯಾರಿಯರ್ ಮೇಲೆ ಕರು ಗಾತ್ರದ ಒಂದು ಚೀಲ. ಇಬ್ಬರೂ ಸೈಕಲ್ ತಳ್ಳಿ ತಳ್ಳಿ ಉಸಿರು ಬಿಡುತ್ತಿದ್ದರು. ಚೀಲ ಸುರಿದೆ. ಎರಡು ಕೊಂಡಿ ಇತ್ತು, ನನ್ನ ಮನೆಯವುಗಳಷ್ಟೇ ದಪ್ಪ, ಆದರೆ ಕೆಂಪು ಬಣ್ಣ. ರಾಟೆ ಇತ್ತು. ಮರಕ್ಕೆ ಸುತ್ತುವ ಪಟ್ಟಿ ಇರಲಿಲ್ಲ.

"ಪಟ್ಟಿ ಎಲ್ಲಿ?"

"ಆಫೀಸಿನ ನೀರಿನ ಟ್ಯಾಂಕು ಗಾಳಿಗೆ ಹಾರಿ ಹೋಗಬಾರದು ಅಂತ ಕೆಂಚೇಶ್ ಪಟ್ಟಿಯನ್ನ ಅದಕ್ಕೆ ಕಟ್ಟಿದ್ದಾನೆ," ಎಂದು ಮೇಡಂ ಹಲ್ಲು ಕಚ್ಚಿದರು. "ಬಿಚ್ಚೋಕೆ ಬರಲಿಲ್ಲ. ಹಗ್ಗ ನೇರ ಮರಕ್ಕೆ ಹಾಕಿ ಎಳೆಯೋ ಹಾಗಿಲ್ಲ. ಆಗಲೇ ತೊಗಟೆ ಸುಲೀತಿದೆ ನೋಡಿ. ಇಲ್ಲಿ ಒಂದು ಮರಕ್ಕೆ ಪೆಟ್ಟಾದ್ರೆ ನಾಳೆಯಿಂದ ನಮಗೆ ಗುಡ್ಡ ಹತ್ತೋಕೇ ಬಿಡಲ್ಲ."

ಭೀಮೇಶ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಬ್ಬರೂ ದೊಡ್ಡ ಟ್ರಂಕಿನ ಕಡೆ ನೋಡಿದೆವು.

"ಬ್ಯಾಡ ಮಾವ. ಅಕ್ಕ ಕೊಂದುಬಿಡ್ತಾಳೆ."

"ಕೊಲ್ಲೋದು ನಿನ್ನನ್ನ. ಪಟ್ಟಿ ಬರೆದೋನು ನೀನು. ತೆಗಿ."

ಕೌದಿ ತೆಗೆದೆವು. ಏಳು ಹಳೆಯ ಸೀರೆ ಪದರ ಪದರ ಸೇರಿಸಿ ಹೊಲಿದದ್ದು. ಮರಕ್ಕೆ ಸೀರೆ ಉಡಿಸಿದ ಹಾಗೆ ಸುತ್ತಿದೆ. ಹಗ್ಗದ ಕೊನೆಯಿಂದ ಒಂದು ತುಂಡು ಕತ್ತರಿಸಿ ಕೌದಿಯ ಮೇಲೆ ಬಳಸಿ, ಅದಕ್ಕೆ ಒಂದು ಕೊಂಡಿ, ಕೊಂಡಿಗೆ ರಾಟೆ. ಕಾರಿನ ಭಾರವನ್ನು ಬ್ಲಾಕಿನ ತುಂಡುಗಳ ಮೇಲೆ ಬಿಟ್ಟು, ಹಗ್ಗವನ್ನು ಮರದಿಂದ ಬಿಚ್ಚಿ ರಾಟೆಗೆ ಹಾಕಿದೆವು. ಇನ್ನೊಂದು ಕೊಂಡಿ ಕಾರಿನ ಕೊಕ್ಕೆಗೆ. ಎಲ್ಲರನ್ನೂ ದೂರ ನಿಲ್ಲಿಸಿ ಜೀಪನ್ನು ಇಳಿಜಾರಿನಲ್ಲಿ ಹಿಂದಕ್ಕೆ ಬಿಟ್ಟೆ.

ಹಗ್ಗ ಬಿಗಿಯಿತು. ರಾಟೆ ತಿರುಗಿತು. ಜೀಪು ಕೆಳಗೆ ಬಂದ ಹಾಗೆಲ್ಲ ಕಾರು ಮೇಲೆ ಹೋಯಿತು. ಕೆಸರು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿತ್ತು ಎಂದರೆ ಕಾರು ಬಿಟ್ಟುಕೊಂಡ ಏಟಿಗೆ ಇಡೀ ಗುಡ್ಡ ಒಂದು ಗೇಣು ದಾವಣಗೆರೆ ಕಡೆ ಸರಿಯಿತು. ಈಗಲೂ ಆ ಕಡೆಯ ಫ್ಯಾನ್ ಸ್ವಲ್ಪ ವಾಲಿಕೊಂಡೇ ತಿರುಗುತ್ತದೆ, ಹೋಗಿ ನೋಡಿ. ಪ್ರವೀಣ್ ಕುಮಾರ್ ಇಳಿದು ಬಂದು ಮೊದಲು ನೆಲ ಮುಟ್ಟಿ ನೋಡಿದ, ಆಮೇಲೆ ನನ್ನ ಕೈ ಹಿಡಿದುಕೊಂಡ.

ಮೇಡಂ ಮರದ ಹತ್ತಿರ ಹೋದರು. ಕೌದಿ ಸರಿಸಿ ತೊಗಟೆ ನೋಡಿದರು. ಹೊಸ ಗೀರು ಒಂದೂ ಇರಲಿಲ್ಲ. ಕೌದಿಯ ಸ್ಥಿತಿಯನ್ನು ಮಾತ್ರ ಕೇಳಬೇಡಿ.

ಆಮೇಲೆ ಅವರು ಕಾರಿನಿಂದ ಒಂದು ಫಾರಂ ತೆಗೆದರು. "ನಿಂಗರಾಜ್, ಈ ಪಟ್ಟಿ ಪ್ರಕಾರ ನಿಮ್ಮ ಗಾಡಿಯಲ್ಲಿ ಇರೋದು ಹಗ್ಗ, ಸಲಿಕೆ ಎರಡೇ."

"ಸುಳ್ಳು ಹೇಳಲ್ಲ ಮೇಡಂ," ಎಂದೆ. ಜೀವಮಾನದಲ್ಲಿ ಆ ಮಾತು ಆಡಿದ್ದು ಅದೇ ಮೊದಲು. "ಉಳಿದದ್ದೆಲ್ಲ ನಮ್ಮ ಕೊಟ್ಟಿಗೆ ಮೊಳೇಲಿ ಐತೆ. ಇವತ್ತು ನೀವು ಒಲ್ಲೆ ಅಂದ್ರೆ ನಾಳೆ ನನ್ನ ಜೀಪಿನಾಗೆ ಗುಲಾಬಿ ಗಿಡ ನೆಡ್ತಾರೆ."

ಗುಲಾಬಿ ಗಿಡದ ವಿಷಯ ಅವರಿಗೆ ಅರ್ಥವಾಗಲಿಲ್ಲ. ಮೊಳೆಯ ವಿಷಯ ಅರ್ಥವಾಯಿತು. ಕೊರಳಿನ ಬೀಗದ ಕೈಯನ್ನು ಒಂದು ಸಲ ಮುಟ್ಟಿಕೊಂಡರು. "ನಿಮ್ಮದು ಮೊಳೆಯಲ್ಲಿ, ನಮ್ಮದು ಕಪಾಟಿನಲ್ಲಿ. ನಾನು ಯಾವ ಬಾಯಲ್ಲಿ ಬೇಡ ಅನ್ನಲಿ? ನಾಳೆ ಬೆಳಿಗ್ಗೆ ಎಲ್ಲವನ್ನೂ ಜೀಪಿಗೆ ಹಾಕಿ ಫೋಟೋ ಕಳಿಸಿ. ಸೋಮವಾರ ಕೆಲಸಕ್ಕೆ ಬನ್ನಿ."

ಹಳೆಯ ಪಟ್ಟಿ ಹೊಡೆದುಹಾಕಿ, ನನ್ನನ್ನು ಕೇಳಿ ಕೇಳಿ ಕನ್ನಡದಲ್ಲಿ ಹೊಸದು ಬರೆದರು. ಕೊಂಡಿ ಎರಡು. ರಾಟೆ ಒಂದು. ಹಗ್ಗ. ಸಲಿಕೆ. ಮರಕ್ಕೆ ಕೌದಿ ಒಂದು. ಕೊನೆಗೆ ಸ್ವಲ್ಪ ಯೋಚಿಸಿ, ಸೈಕಲ್ ಒಂದು.

ಬುಧವಾರ ನಾಗೇಂದ್ರಪ್ಪ ಆರು ಗುಲಾಬಿ ಗಿಡ ಹಿಡಿದುಕೊಂಡೇ ಬಂದ. ಜೀಪಿನ ಹಿಂದೆ ಕೊಂಡಿ, ರಾಟೆ ನೇತಾಡುವುದನ್ನು ನೋಡಿ, "ಎರಡು ಟ್ರಂಕು ಮಿಕ್ಕಿದಾವಂತಲ್ಲ, ಅವನ್ನಾದ್ರೂ ಕೊಡು," ಎಂದು ಅವನ್ನೇ ತೆಗೆದುಕೊಂಡು ಹೋದ. ಗುಲಾಬಿ ಈಗ ಟ್ರಂಕಿನಲ್ಲಿವೆ. ಜನ ಫೋಟೋ ತೆಗೆಸಿಕೊಳ್ಳುತ್ತಾರೆ.

ಕರಿಬಸಮ್ಮ ಮೂರನೆಯ ಟ್ರಂಕು ತೆರೆದಳು. ಕೌದಿ ಎತ್ತಿ ಹಿಡಿದಳು. ಅದರ ತೂತಿನೊಳಗಿಂದ ಅವಳ ಮುಖ ನನಗೆ ಪೂರ್ತಿ ಕಾಣುತ್ತಿತ್ತು.

"ಮರಕ್ಕೆ ನಮ್ಮವ್ವನ ಕೌದಿ ಹೊದಿಸಿ ಬಂದ್ರಾ?"

"ಮರಕ್ಕೆ ಪೆಟ್ಟಾಗಬಾರ್ದು ಅಂತ ಮೇಡಂ..."

"ಮುಂದಕ್ಕೂ ಒಂದು ಕೌದಿ ಬೇಕಂತಲ್ಲ ನಿಮ್ಮ ಜೀಪಿಗೆ?"

"ಪಟ್ಟಿಯಾಗೆ ಐತೆ," ಎಂದೆ ಮೆಲ್ಲಗೆ.

"ಹೊಲಿದು ಕೊಡ್ತೀನಿ ಬಿಡ್ರಿ," ಎಂದಳು. ಇಷ್ಟು ಬೇಗ ಸಮಾಧಾನ ಆಯಿತಲ್ಲ ಎಂದು ಖುಷಿಯಾಗಿ ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಗಳದ ಮೇಲೆ ನನ್ನ ಬಟ್ಟೆ ಒಂದೂ ಇಲ್ಲ. ನಡುಮನೆಯಲ್ಲಿ ಕತ್ತರಿ ಕಚಕಚ ಅನ್ನುತ್ತಿತ್ತು. ನನ್ನ ನಾಲ್ಕು ಬಿಳಿ ಅಂಗಿ, ಒಂದು ರೇಷ್ಮೆ ಪಂಚೆ, ಭೀಮೇಶನ ಜೀನ್ಸು.

ಭಾರೀ ಗಟ್ಟಿ ಕೌದಿ. ಇದುವರೆಗೆ ಒಂದು ಹೊಲಿಗೆ ಬಿಟ್ಟಿಲ್ಲ. ಜಗಳೂರು ಗುಡ್ಡದ ಕಡೆ ಹೋದಾಗ, ಮದುವೆ ಗಂಡಿನ ಹಾಗೆ ಬಿಳಿ ಅಂಗಿ ರೇಷ್ಮೆ ಪಂಚೆ ಉಟ್ಟ ಮರ ಕಂಡರೆ, ಅದರ ಪಕ್ಕದಲ್ಲಿ ಬನಿಯನ್ ಹಾಕಿಕೊಂಡು ನಿಂತವನು ನಾನೇ.